ವಿದೇಶ ಪ್ರವಾಸದ ಸಿದ್ಧತೆ: ಮನೆಯಲ್ಲೇ ಆಗುವ ತಪ್ಪುಗಳು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಕುಟುಂಬಗಳಿಗೆ ವಿದೇಶ ಪ್ರವಾಸವು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬ್ಯಾಂಕು, ರೈಲ್ವೆ, ಕಾರ್ಖಾನೆ, ಹೋಟೆಲು ಉದ್ಯಮಗಳಲ್ಲಿ ದುಡಿದು ನಿವೃತ್ತರಾದ ತಂದೆತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ, ಮಗನ ಮನೆಗೆಂದು ದುಬಾಯಿ, ಮಸ್ಕತ್ತುಗಳಿಗೋ ಹೊರಡುತ್ತಾರೆ. ಇನ್ನು ಕೆಲವರು ಗುಂಪು ಪ್ರವಾಸಗಳಲ್ಲಿ ಯುರೋಪು, ಥಾಯ್ಲೆಂಡ್, ಸಿಂಗಾಪುರಗಳನ್ನು ನೋಡಿ ಬರುತ್ತಾರೆ. ಹೆಚ್ಚಿನವರಿಗೆ ಇದು ಜೀವಮಾನದ ಉಳಿತಾಯದ ಒಂದು ಪಾಲನ್ನು ವ್ಯಯಿಸುವ ಕಾರ್ಯ. ಪ್ರವಾಸ ಕೆಡುವುದಿದ್ದರೆ ಪರದೇಶದ ನೆಲದಲ್ಲಿ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಕೆಡುವುದು ಹೊರಡುವುದಕ್ಕೆ ತಿಂಗಳುಗಳ ಮೊದಲೇ, ನಮ್ಮ ಮನೆಯ ಕಪಾಟಿನಲ್ಲಿರುವ ಕಾಗದಪತ್ರಗಳಲ್ಲಿ. ಹೆಸರು, ದಿನಾಂಕ, ಹಣ ಈ ಮೂರನ್ನು ಮೊದಲು ಸರಿಪಡಿಸಿಕೊಂಡವರಿಗೆ ಮಿಕ್ಕದ್ದು ಕಷ್ಟವಲ್ಲ.

ಹೆಸರಿನ ತೊಡಕು

ಎರಡು ರಾಜ್ಯಗಳ ಕಾಗದಗಳನ್ನು ಇಟ್ಟುಕೊಂಡು ಬಾಳುವ ನಮ್ಮಂಥವರಿಗೆ ಮೊದಲ ತೊಡಕು ಹೆಸರಿನದ್ದೇ. ಊರಿನ ಶಾಲಾ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಒಂದೇ ಪದ, ಅದರ ಹಿಂದೆ ಊರಿನದೋ ತಂದೆಯದೋ ಮೊದಲಕ್ಷರ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಹಾರಾಷ್ಟ್ರದ ರೂಢಿಯಂತೆ ರೇಷನ್ ಕಾರ್ಡಿನಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಪದಗಳಾದವು. ಪ್ಯಾನ್ ಕಾರ್ಡಿನಲ್ಲಿ ನಡುವಿನ ಹೆಸರು ಇಲ್ಲ, ಆಧಾರಿನಲ್ಲಿ ಇದೆ. ಶೆಟ್ಟಿ ಎಂಬ ಪದವನ್ನು ಆಂಗ್ಲದಲ್ಲಿ ಒಂದು ಕಡೆ ಒಂದು ‘ಟಿ’, ಇನ್ನೊಂದು ಕಡೆ ಎರಡು ‘ಟಿ’ ಹಾಕಿ ಬರೆದಿರುತ್ತಾರೆ. ಮನೆಯೊಳಗೆ ಇದರಿಂದ ಬಾಧಕವಿಲ್ಲ. ಆದರೆ ವೀಸಾ ಅಧಿಕಾರಿಯ ಕಣ್ಣಿಗೆ ಇವರು ಬೇರೆ ಬೇರೆ ವ್ಯಕ್ತಿಗಳು.

ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡುವುದು ಹಿರಿಯರಲ್ಲಿ ತೀರ ಸಾಮಾನ್ಯ. ಅಂಥವರ ಅಮೆರಿಕನ್ ವೀಸಾದಲ್ಲಿ ಇರುವ ಒಂದೇ ಹೆಸರು ಅಡ್ಡಹೆಸರಿನ ಸ್ಥಾನಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’, ಅಂದರೆ ಹೆಸರು ತಿಳಿಯದು, ಎಂದು ಮುದ್ರಿತವಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್ 21ರಿಂದ ಒಂದೇ ಪದದ ಹೆಸರಿನವರಿಗೆ ಪ್ರವಾಸಿ ಮತ್ತು ಸಂದರ್ಶಕ ವೀಸಾದ ಮೇಲೆ ಪ್ರವೇಶ ನಿರಾಕರಿಸತೊಡಗಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಪರಿಗಣಿಸುವುದಾಗಿ ಆಮೇಲೆ ಸ್ಪಷ್ಟನೆ ಬಂದಿತಾದರೂ, ಅಷ್ಟನ್ನು ನಂಬಿ ವಿಮಾನ ನಿಲ್ದಾಣಕ್ಕೆ ಹೋಗುವುದು ಜಾಣತನವಲ್ಲ. ಪಾಸ್‌ಪೋರ್ಟನ್ನು ನವೀಕರಿಸುವಾಗಲೇ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಳ್ಳತಕ್ಕದ್ದು. ಅದಕ್ಕೂ ಮೊದಲು ಆಧಾರ್ ಮತ್ತು ಪ್ಯಾನ್‌ಗಳನ್ನು ಒಂದೇ ರೂಪಕ್ಕೆ ತರಬೇಕು. ಟಿಕೆಟನ್ನು ಕಾಯ್ದಿರಿಸುವಾಗ ಮನೆಯಲ್ಲಿ ಕರೆಯುವ ಹೆಸರನ್ನಲ್ಲ, ಪಾಸ್‌ಪೋರ್ಟಿನಲ್ಲಿರುವುದನ್ನು ಅಕ್ಷರಶಃ ನಮೂದಿಸಬೇಕು.

ಪಾಸ್‌ಪೋರ್ಟಿನ ಅವಧಿ

ಪಾಸ್‌ಪೋರ್ಟಿನ ಮೇಲಿನ ಕೊನೆಯ ದಿನಾಂಕವೇ ನಿಜವಾದ ಕೊನೆಯ ದಿನವಲ್ಲ. ಸಿಂಗಾಪುರ, ಮಲೇಷ್ಯಾ, ಇಂಡೋನೇಷ್ಯಾ, ಅರಬ್ ಸಂಸ್ಥಾನ ಮೊದಲಾದ ದೇಶಗಳು ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಯುರೋಪಿನ ಶೆಂಗೆನ್ ರಾಷ್ಟ್ರಗಳು ಅಲ್ಲಿಂದ ಹೊರಡುವ ದಿನದ ಅನಂತರ ಮೂರು ತಿಂಗಳು ಕೇಳುತ್ತವೆ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಎಂಬುದನ್ನು ತಂದೆತಾಯಂದಿರು ಮರೆಯುತ್ತಾರೆ. ತಮ್ಮದು ಹತ್ತು ವರ್ಷದ್ದಿರುವುದರಿಂದ ಮಗುವಿನದ್ದೂ ಹಾಗೆಯೇ ಎಂದುಕೊಂಡಿರುತ್ತಾರೆ. ಹಳೆಯ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಅದನ್ನು ಎಸೆಯಬಾರದು, ಹಳತು ಹೊಸತು ಎರಡನ್ನೂ ಒಯ್ಯಬೇಕು.

ವಿಳಾಸದ ಬಗೆಗೂ ಒಂದು ಮಾತು. ಡೊಂಬಿವಲಿಯ ಹಳೆಯ ಮನೆಯನ್ನು ಮಾರಿ ಖಾರ್ಘರ್‌ಗೋ ನೆರೂಲ್‌ಗೋ ಹೋದವರು ಅರ್ಜಿಯಲ್ಲಿ ಹಳೆಯ ವಿಳಾಸವನ್ನೇ ಕೊಡುವುದುಂಟು. ಡೊಂಬಿವಲಿ, ಕಲ್ಯಾಣ್ ಇರುವುದು ಥಾಣೆ ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲಿ. ನವಿಮುಂಬಯಿಗೆ ಬೇರೆಯೇ ಆಯುಕ್ತಾಲಯ. ಪರಿಶೀಲನೆಗೆ ಬಂದ ಪೊಲೀಸರಿಗೆ ಅರ್ಜಿದಾರರು ಸಿಗದಿದ್ದರೆ ವರದಿ ಪ್ರತಿಕೂಲವಾಗಿ ಹೋಗುತ್ತದೆ. ಅರ್ಜಿ ಹಾಕಿದ ವಾರದಲ್ಲೇ ಊರಿನ ಜಾತ್ರೆಗೆಂದು ಹೊರಟವರಿಗೂ ಇದೇ ಗತಿ.

ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೋಗುವವರು ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡವೆಂದು ಆಧಾರ್ ಕಾರ್ಡನ್ನಷ್ಟೇ ಹಿಡಿದು ನಿಲ್ದಾಣಕ್ಕೆ ಬರುತ್ತಾರೆ. 15ರಿಂದ 65 ವರ್ಷದೊಳಗಿನವರಿಗೆ ವಿಮಾನಯಾನದಲ್ಲಿ ಅದು ಸಾಲದು. ಪಾಸ್‌ಪೋರ್ಟ್ ಇಲ್ಲವೆ ಚುನಾವಣಾ ಆಯೋಗದ ಗುರುತುಚೀಟಿ ಬೇಕು.

ವೀಸಾ ಮತ್ತು ಕಾಲದ ಲೆಕ್ಕ

ವೀಸಾ ತಡವಾದರೆ ಪ್ರವಾಸವನ್ನು ಮುಂದೂಡಬಹುದು, ಹೆರಿಗೆಯನ್ನು ಮುಂದೂಡಲಾಗದು. 2022ರ ಅಂತ್ಯದಲ್ಲಿ ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಮೊದಲ ಬಾರಿಗೆ ಸಂದರ್ಶಕ ವೀಸಾ ಕೋರುವವರು ಸಂದರ್ಶನದ ದಿನಕ್ಕಾಗಿ ಎರಡು ವರ್ಷಕ್ಕೂ ಮಿಗಿಲಾಗಿ ಕಾಯಬೇಕಾಗಿತ್ತು. ಆ ಪರಿಸ್ಥಿತಿ ಆಮೇಲೆ ಸುಧಾರಿಸಿತಾದರೂ ಕಾಯುವ ಅವಧಿ ಏರಿಳಿಯುತ್ತಲೇ ಇರುತ್ತದೆ. 79 ವರ್ಷ ದಾಟಿದ ಹಿರಿಯರಿಗೂ 14ರೊಳಗಿನ ಮಕ್ಕಳಿಗೂ ಇದ್ದ ಸಂದರ್ಶನದ ವಿನಾಯಿತಿ 2025ರ ಸೆಪ್ಟೆಂಬರ್ 2ರಿಂದ ರದ್ದಾಗಿದೆ. ಆದುದರಿಂದ ಮಗಳು ಸಿಹಿಸುದ್ದಿ ತಿಳಿಸಿದ ತಿಂಗಳಲ್ಲೇ ತಾಯಿಯ ಪಾಸ್‌ಪೋರ್ಟನ್ನು ಹೊರತೆಗೆದು ನೋಡುವುದು ಲೇಸು. ಸೀಮಂತ ಮುಗಿಯಲಿ, ಆಮೇಲೆ ನೋಡೋಣ ಎನ್ನುವಷ್ಟು ಸಮಯ ಈಗ ಇಲ್ಲ.

ಹತ್ತು ವರ್ಷದ ವೀಸಾ ಸಿಕ್ಕಿತೆಂದರೆ ಹತ್ತು ವರ್ಷ ಇರಬಹುದೆಂದಲ್ಲ. ಅಮೆರಿಕದಲ್ಲಿ ಎಷ್ಟು ದಿನ ತಂಗಬಹುದೆಂಬುದನ್ನು ನಿರ್ಧರಿಸುವವರು ಅಲ್ಲಿಯ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ‘ಐ-94’ ಎಂಬ ದಾಖಲೆಯಲ್ಲಿ ಆ ದಿನಾಂಕವಿರುತ್ತದೆ. ಮಗುವಿಗೆ ಅನ್ನಪ್ರಾಶನ ಮಾಡಿಸಿಯೇ ಹೋಗಿ ಎಂಬ ಅಳಿಯನ ಮಾತಿಗೆ ಒಪ್ಪುವ ಮೊದಲು ಅದನ್ನು ಜಾಲತಾಣದಲ್ಲಿ ತೆರೆದು ನೋಡಬೇಕು. ಅವಧಿ ಮೀರಿ ಉಳಿದರೆ ಆ ವೀಸಾವೇ ಅನೂರ್ಜಿತವಾಗುತ್ತದೆ. ಅಲ್ಲಿ ಹುಟ್ಟಿದ ಮೊಮ್ಮಗುವನ್ನು ಜತೆಗೆ ಕರೆತರುವ ಉತ್ಸಾಹವಿದ್ದರೆ, ಅಮೆರಿಕದ ಪಾಸ್‌ಪೋರ್ಟಿನ ಆ ಮಗುವಿಗೆ ಭಾರತದ ವೀಸಾ ಅಥವಾ ಒ.ಸಿ.ಐ. ಕಾರ್ಡು ಬೇಕೆಂಬುದೂ ನೆನಪಿರಲಿ.

ಯುರೋಪಿಗೆ ಹೊರಡುವವರು ಅತಿ ಹೆಚ್ಚು ದಿನ ಉಳಿಯುವ ದೇಶದ ಮೂಲಕವೇ ಶೆಂಗೆನ್ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ಆರು ತಿಂಗಳು ಮುಂಚಿತವಾಗಿ ಕೊಡಬಹುದು. ಹದಿನೈದು ದಿನಕ್ಕಿಂತ ತಡವಾಗಬಾರದು. 2024ರ ಜೂನ್ 11ರಿಂದ ಶುಲ್ಕ 90 ಯೂರೊ. ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ತಂಗುವ ಮಿತಿ. ಲಂಡನ್ ಈ ವೀಸಾದಲ್ಲಿ ಸೇರಿಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಿ ಮತ್ತೆ ಸ್ವಿಟ್ಜರ್‌ಲೆಂಡಿಗೆ ಬರುವವರಿಗೆ ಬ್ರಿಟನ್ನಿನ ಪ್ರತ್ಯೇಕ ವೀಸಾ ಮಾತ್ರವಲ್ಲ, ಶೆಂಗೆನ್‌ನಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶದ ಅನುಮತಿಯೂ ಬೇಕು.

ವೀಸಾ ಬೇಡ ಎಂದರೆ ಏನೂ ಬೇಡ ಎಂದಲ್ಲ. ಥಾಯ್ಲೆಂಡಿಗೆ 2025ರ ಮೇ 1ರಿಂದ ಆಗಮನದ ಡಿಜಿಟಲ್ ಕಾರ್ಡನ್ನು ಮುಂಚಿತವಾಗಿ ತುಂಬಬೇಕಾಗಿದೆ. ಸಿಂಗಾಪುರ, ಮಲೇಷ್ಯಾಗಳಲ್ಲೂ ಇಂಥದ್ದೇ ಕ್ರಮವಿದೆ. ಇವಕ್ಕೆ ಶುಲ್ಕವಿಲ್ಲ. ಶುಲ್ಕ ಕೇಳುವ ತಾಣ ಸರಕಾರದ್ದಲ್ಲವೆಂದು ತಿಳಿಯಿರಿ. ಇನ್ನು ವಿಮಾನ ಬದಲಿಸುವ ದೇಶ. ಲಂಡನ್‌ನಂಥ ಕಡೆ ನಿಲ್ದಾಣದಿಂದ ಹೊರಬೀಳದಿದ್ದರೂ ಭಾರತೀಯರಿಗೆ ಹಾದುಹೋಗುವ ವೀಸಾ ಬೇಕಾಗುತ್ತದೆ. ಅಮೆರಿಕವೇ ಮೊದಲಾದ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿ ಉಂಟು. ಎರಡು ಸಾವಿರ ರೂಪಾಯಿ ಅಗ್ಗದ ಟಿಕೆಟಿನ ಆಸೆಗೆ ಇದನ್ನು ನೋಡದೆ ಕಾಯ್ದಿರಿಸಬಾರದು.

ಹಣದ ವಿಚಾರ

ವೀಸಾಕ್ಕೆಂದು ಬ್ಯಾಂಕಿನ ಖಾತೆ ವಿವರ ಕೇಳುತ್ತಾರೆಂದು ತಿಳಿದೊಡನೆ ಭಾವನಿಂದಲೋ ಮಿತ್ರರಿಂದಲೋ ಐದು ಲಕ್ಷ ತಂದು ಖಾತೆಗೆ ತುಂಬುವ ಪದ್ಧತಿಯೊಂದಿದೆ. ಕೌಂಟರಿನ ಈಚೆ ಕುಳಿತವರಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ. ವೀಸಾ ಅಧಿಕಾರಿಗೆ ತಿಳಿಯದಿರುತ್ತದೆಯೆ? ತಿಂಗಳು ತಿಂಗಳು ಪಿಂಚಣಿ ಬಂದು ಸಾಧಾರಣ ಮೊತ್ತ ಉಳಿದಿರುವ ಖಾತೆಗೆ ಹೆಚ್ಚಿನ ಬೆಲೆಯಿದೆ. ಮಕ್ಕಳು ಖರ್ಚು ಭರಿಸುವುದಾದರೆ ಹಾಗೆಂದೇ ಬರೆದು ಅವರ ಪತ್ರವನ್ನು ಲಗತ್ತಿಸಬೇಕು. ನಮ್ಮವರಲ್ಲಿ ಬಹಳ ಮಂದಿಯ ಖಾತೆಗಳಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲೂ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನಗೊಂಡವು. ಹಳೆಯ ಪಾಸ್‌ಬುಕ್ಕಿನ ಮೇಲೆ ನಮಗೆ ಅಕ್ಕರೆಯಿರಬಹುದು. ವೀಸಾಕ್ಕೆ ಬೇಕಾದದ್ದು ಈಗಿನ ಬ್ಯಾಂಕಿನ ಮೊಹರಿರುವ ವಿವರ.

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಂತೆ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುವರೆಗೆ ವಿದೇಶಕ್ಕೆ ಬಳಸಬಹುದು. ನಮ್ಮಂಥವರಿಗೆ ಆ ಮಿತಿ ಮುಖ್ಯವಲ್ಲ. ತಿಳಿದಿರಬೇಕಾದ ಸಣ್ಣ ಮಿತಿಗಳು ಬೇರೆ ಇವೆ. ನೋಟುಗಳ ರೂಪದಲ್ಲಿ ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರು ಮಾತ್ರ ಸಿಗುತ್ತದೆ. ಉಳಿದದ್ದು ಪ್ರವಾಸಿ ಕಾರ್ಡಿನಲ್ಲಿ. 50,000 ರೂಪಾಯಿ ಮೇಲ್ಪಟ್ಟ ವಿದೇಶಿ ಹಣವನ್ನು ನಗದು ಕೊಟ್ಟು ಕೊಳ್ಳುವಂತಿಲ್ಲ. ಹೊರಡುವಾಗ ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ. ಹಿಂದಿರುಗಿದ ಮೇಲೆ 2,000 ಡಾಲರಿಗಿಂತ ಹೆಚ್ಚು ಉಳಿದಿದ್ದರೆ 180 ದಿನಗಳೊಳಗೆ ಮರಳಿಸಬೇಕು. ನಿಲ್ದಾಣದ ವಿನಿಮಯ ಕೌಂಟರಿನಲ್ಲಿ ದರ ಯಾವಾಗಲೂ ದುಬಾರಿ.

2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳೆಲ್ಲ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಆರಂಭಿಸಿಕೊಳ್ಳಬೇಕು. ಅಲ್ಲಿಯ ಅಂಗಡಿಯ ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಬೇಡವೆನ್ನಿ. ರೂಪಾಯಿಯ ಅಂಕೆ ಕಂಡು ಮನಸ್ಸಿಗೆ ಹಾಯೆನಿಸುತ್ತದೆ, ಆದರೆ ವಿನಿಮಯ ದರದಲ್ಲಿ ಸುಲಿಗೆಯಾಗುತ್ತದೆ.

ಪ್ಯಾಕೇಜ್ ಪ್ರವಾಸದ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಮೊದಲು 5 ಶೇಕಡಾ, ನಿರ್ದಿಷ್ಟ ಮಿತಿ ದಾಟಿದರೆ 20 ಶೇಕಡಾ ಇತ್ತು. 2026ರ ಮುಂಗಡಪತ್ರದಲ್ಲಿ ಅದನ್ನು 2 ಶೇಕಡಾಕ್ಕೆ ಇಳಿಸಲಾಯಿತು. ಇದು ಹೋದ ಹಣವಲ್ಲ, ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುವ ಹಣ. ಆದರೆ ಜಮೆಯಾಗುವುದು ಯಾರ ಪ್ಯಾನ್ ಸಂಖ್ಯೆ ಕೊಟ್ಟಿದ್ದೇವೆಯೋ ಅವರ ಹೆಸರಿಗೆ. ತೆರಿಗೆಯ ವಿವರಪಟ್ಟಿಯನ್ನೇ ಸಲ್ಲಿಸದ ಗೃಹಿಣಿಯ ಪ್ಯಾನ್ ಕೊಟ್ಟು ಸುಮ್ಮನಾದರೆ ಅದು ಅಲ್ಲಿಯೇ ಉಳಿಯುತ್ತದೆ. ವಿವರಪಟ್ಟಿ ಸಲ್ಲಿಸಿ ಕೇಳಿದರೆ ಮರಳಿ ಬರುತ್ತದೆ.

ಪೂರ್ತಿ ಹಣವನ್ನು ಒಂದೇ ಕಂತಿನಲ್ಲಿ ಮುಂಗಡ ಕೊಡುವುದೂ ಸರಿಯಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಅದೇ ವರ್ಷ 1758ರ ಇತಿಹಾಸ ಹೇಳಿಕೊಳ್ಳುತ್ತಿದ್ದ ಕಾಕ್ಸ್ ಆ್ಯಂಡ್ ಕಿಂಗ್ಸ್ ದಿವಾಳಿ ಪ್ರಕ್ರಿಯೆಗೆ ಹೋಯಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಹಳೆಯ ಹೆಸರು, ದೊಡ್ಡ ಜಾಹೀರಾತು ಭದ್ರತೆಯಲ್ಲ. ಕಂತುಗಳಲ್ಲಿ, ರಸೀದಿ ಪಡೆದು, ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನ ಮೂಲಕ ಪಾವತಿಸುವುದು ಕ್ಷೇಮ.

ಆರೋಗ್ಯ, ಔಷಧಿ, ಊಟದ ಗಂಟು

ಪ್ರವಾಸ ವಿಮೆಯನ್ನು ಹೊರಡುವ ಮೊದಲೇ ಮಾಡಿಸಬೇಕು. ಶೆಂಗೆನ್‌ಗೆ ಕನಿಷ್ಠ 30,000 ಯೂರೊ ಮೊತ್ತದ್ದು ಕಡ್ಡಾಯ. ಕಂತು ಏರುತ್ತದೆಂದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡುವವರಿದ್ದಾರೆ. ಕ್ಲೇಮಿನ ಸಮಯದಲ್ಲಿ ವಿಮಾ ಕಂಪನಿ ಮೊದಲು ಕೇಳುವುದೇ ಹಳೆಯ ವೈದ್ಯಕೀಯ ದಾಖಲೆಯನ್ನು. ಮೊದಲಿನಿಂದಿರುವ ಕಾಯಿಲೆಗೆ ಎಷ್ಟರ ಮಟ್ಟಿಗೆ ರಕ್ಷಣೆ ಎಂಬುದನ್ನು ಓದಿಯೇ ಸಹಿ ಹಾಕಬೇಕು. ಔಷಧಿಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಡಬೇಕು. ಕೊಡೀನ್, ಟ್ರಮಡಾಲ್ ಇರುವ ಔಷಧಿಗಳು ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ. ಪೂರ್ವಾನುಮತಿ ಇಲ್ಲದೆ ಒಯ್ದರೆ ಜೈಲಿನವರೆಗೂ ಹೋಗಬಹುದು.

ಮಗಳಿಗೆಂದು ಕಟ್ಟುವ ಗಂಟಿನಲ್ಲಿಯೂ ಅಪಾಯವಿದೆ. ಪಾಯಸಕ್ಕೆಂದು ಒಯ್ಯುವ ಗಸಗಸೆ ಕೊಲ್ಲಿ ರಾಷ್ಟ್ರಗಳಲ್ಲಿ ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ, ಸಿಂಗಾಪುರದಲ್ಲೂ ನಿರ್ಬಂಧವಿದೆ. ಎಣ್ಣೆಯಂಶವಿರುವ ಕೊಬ್ಬರಿ ತಾನಾಗಿ ಬೆಂಕಿ ಹತ್ತಬಲ್ಲದೆಂಬ ಕಾರಣದಿಂದ ವಿಮಾನದಲ್ಲಿ ನಿಷಿದ್ಧ. ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ ಬೇಕೆಂದರೆ ಅಲ್ಲಿಯ ಭಾರತೀಯ ಅಂಗಡಿಯಲ್ಲೇ ಕೊಳ್ಳಬಹುದು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವವರು ಆಹಾರ ತಂದಿದ್ದೇವೆಂದು ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ತಪ್ಪದು. ಹೆಚ್ಚು ಒಡವೆ ಧರಿಸಿ ಹೋಗುವ ಮಹಿಳೆಯರು ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆದರೆ ಹಿಂದಿರುಗುವಾಗ ಪ್ರಶ್ನೆಗಳಿಲ್ಲ.

ಬೀಗ ಹಾಕುವ ಮೊದಲು

ಆರು ತಿಂಗಳು ಮನೆ ಬಿಡುವವರಿಗೆ ಮೊಬೈಲ್ ಸಂಖ್ಯೆ ಬಲು ಮುಖ್ಯ. ಬ್ಯಾಂಕಿನ ಒ.ಟಿ.ಪಿ. ಬರುವುದು ಅದಕ್ಕೇ. 90 ದಿನ ಬಳಸದ ಪ್ರಿಪೇಯ್ಡ್ ಸಂಖ್ಯೆ ಸ್ಥಗಿತಗೊಳ್ಳಬಹುದು. ರೋಮಿಂಗ್ ಸೌಲಭ್ಯವನ್ನೂ ರೀಚಾರ್ಜನ್ನೂ ಮೊದಲೇ ವ್ಯವಸ್ಥೆಗೊಳಿಸಿ. ನವೆಂಬರಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಸಲ್ಲಿಸುವ ಏರ್ಪಾಡಿದೆ, ಅದನ್ನು ಇಲ್ಲಿರುವಾಗಲೇ ಒಮ್ಮೆ ಕಲಿತಿರುವುದು ಒಳ್ಳೆಯದು.

ಕೊನೆಗೆ ಹೊರಡುವ ರಾತ್ರಿ. ಮುಂಬಯಿಯಿಂದ ಅನೇಕ ವಿದೇಶಿ ವಿಮಾನಗಳು ಮಧ್ಯರಾತ್ರಿಯ ಬಳಿಕ ಹೊರಡುತ್ತವೆ. ಟಿಕೆಟಿನಲ್ಲಿ 15ನೇ ತಾರೀಕು 00.40 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ಊಟ ಮುಗಿಸಿ ಬಂದವರಿಗೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ನವಿಮುಂಬಯಿ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಿಂದ ಸಂಚಾರ ಆರಂಭವಾಗಿರುವುದರಿಂದ ಟಿಕೆಟಿನಲ್ಲಿರುವುದು ‘ಬಿ.ಒ.ಎಂ.’ ಎಂದೋ ‘ಎನ್.ಎಂ.ಐ.’ ಎಂದೋ ನೋಡಿಕೊಳ್ಳಬೇಕು. ಮೊದಲನೆಯದು ಮುಂಬಯಿ, ಎರಡನೆಯದು ಉಲ್ವೆಯ ಸಮೀಪದ ಹೊಸ ನಿಲ್ದಾಣ. ಬೀಳ್ಕೊಡಲು ಕಲ್ಯಾಣ್, ಡೊಂಬಿವಲಿಗಳಿಂದ ಲೋಕಲ್ ಹಿಡಿದು ಬರುವ ಬಂಧುಗಳು ಆ ದಿನ ಭಾನುವಾರವಾಗಿದ್ದರೆ ಮೆಗಾಬ್ಲಾಕ್ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಲಿ.