ಯಾತ್ರೆಗೆ ಹೊರಡುವ ಮುನ್ನ ಮೊಬೈಲ್‌ಗೂ ಬೇಕು ಸಿದ್ಧತೆ

ಕರ್ನಾಟಕದಿಂದ ಸಮ್ಮೇದ ಶಿಖರ್ಜಿ, ಗಿರನಾರ್, ಪಾಲಿಟಾಣದಂತಹ ಕ್ಷೇತ್ರಗಳಿಗೆ ಹೊರಟ ಕುಟುಂಬದ ರೈಲು ಟಿಕೆಟ್, ಧರ್ಮಶಾಲೆಯ ಬುಕಿಂಗ್, ಗುರುತಿನ ಚೀಟಿ, ಹಣ, ಮನೆಯವರ ಫೋನ್ ನಂಬರ್ ಎಲ್ಲವೂ ಇಂದು ಮೊಬೈಲ್‌ನಲ್ಲೇ ಇರುತ್ತವೆ. ಅನೇಕ ಕುಟುಂಬಗಳಲ್ಲಿ ಇವೆಲ್ಲ ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಇರುತ್ತವೆ. ಅದು ಕಳೆದುಹೋದರೆ ಭಾಷೆ ತಿಳಿಯದ ಊರಿನಲ್ಲಿ ಹಿರಿಯರು, ಮಕ್ಕಳೊಂದಿಗೆ ಇಡೀ ಕುಟುಂಬವೇ ಪರದಾಡಬೇಕಾಗುತ್ತದೆ. ಹೊರಡುವ ಮುನ್ನ ಮನೆಯಲ್ಲಿ ಒಂದು ಗಂಟೆ ಕೂತು ಮಾಡಿಕೊಳ್ಳುವ ಸಿದ್ಧತೆಯಿಂದ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಬುಕಿಂಗ್ ಮಾಡುವಾಗಲೇ ಎಚ್ಚರ

ಯಾತ್ರಾಸ್ಥಳಗಳ ವಸತಿಗೃಹಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮತ್ತು ಫೋನ್ ನಂಬರ್ ಹಾಕಿ ಮುಂಗಡ ಹಣ ಪಡೆದು ವಂಚಿಸುವ ಪ್ರಕರಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರಲ್ಲಿ ಎಚ್ಚರಿಕೆ ನೀಡಿದೆ. ಗೂಗಲ್‌ನಲ್ಲಿ ಮೊದಲು ಕಂಡ ನಂಬರ್‌ಗೆ ಹಣ ಕಳಿಸಬಾರದು. ಈ ಹಿಂದೆ ಯಾತ್ರೆ ಮಾಡಿ ಬಂದವರಿಂದ ಅಥವಾ ಊರಿನ ಬಸದಿಯ ಸಮಿತಿಯಿಂದ ನಂಬರ್ ಪಡೆದು, ಮಾತನಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸಬೇಕು.

ಹೊರಡುವ ಮುನ್ನ ಮಾಡಬೇಕಾದ್ದು

1. ಐಎಂಇಐ ಸಂಖ್ಯೆ: *#06# ಒತ್ತಿದರೆ ಪರದೆಯ ಮೇಲೆ 15 ಅಂಕಿಗಳ ಸಂಖ್ಯೆ ಕಾಣುತ್ತದೆ. ಎರಡು ಸಿಮ್ ಇರುವ ಮೊಬೈಲ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ಕಾಗದದಲ್ಲಿ ಬರೆದು, ಮೊಬೈಲ್ ಖರೀದಿಯ ಬಿಲ್ ಜೊತೆ ಮನೆಯಲ್ಲಿಡಬೇಕು.

2. ಹುಡುಕುವ ಸೌಲಭ್ಯ: ಆಂಡ್ರಾಯ್ಡ್‌ನಲ್ಲಿ ಫೈಂಡ್ ಹಬ್, ಐಫೋನ್‌ನಲ್ಲಿ ಫೈಂಡ್ ಮೈ ಚಾಲೂ ಇರಲಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಥೆಫ್ಟ್ ಪ್ರೊಟೆಕ್ಷನ್‌ನಲ್ಲಿ ‘ರಿಮೋಟ್ ಲಾಕ್’ ಆನ್ ಮಾಡಿಟ್ಟರೆ, ಕಳೆದ ಮೊಬೈಲ್ ಇಂಟರ್ನೆಟ್ ಸಂಪರ್ಕದಲ್ಲಿರುವಾಗ ಬೇರೊಬ್ಬರ ಮೊಬೈಲ್‌ನಿಂದ ಫೋನ್ ನಂಬರ್ ನಮೂದಿಸಿಯೇ ಅದನ್ನು ಲಾಕ್ ಮಾಡಬಹುದು.

3. ಸಿಮ್‌ಗೂ ಪಿನ್: ಮೊಬೈಲ್‌ಗೆ ಲಾಕ್ ಇದ್ದರೂ ಕಳ್ಳ ಸಿಮ್ ತೆಗೆದು ಬೇರೆ ಮೊಬೈಲ್‌ಗೆ ಹಾಕಿದರೆ ಬ್ಯಾಂಕಿನ ಓಟಿಪಿ ಅವನ ಕೈಗೇ ಹೋಗುತ್ತದೆ. ಸಿಮ್ ಪಿನ್ ಇದ್ದರೆ ಇದು ತಪ್ಪುತ್ತದೆ. ಮೂರು ಬಾರಿ ತಪ್ಪು ಪಿನ್ ಒತ್ತಿದರೆ ಸಿಮ್ ಲಾಕ್ ಆಗುವುದರಿಂದ, ಕಂಪನಿಯ ಮೂಲ ಪಿನ್ ತಿಳಿದುಕೊಂಡೇ ಬದಲಿಸಬೇಕು. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಬೇಕು.

4. ಗುರುತಿನ ಚೀಟಿ: ಡಿಜಿಲಾಕರ್‌ನ ‘ಇಶ್ಯೂಡ್’ ವಿಭಾಗದಲ್ಲಿರುವ ಆಧಾರ್, ಚಾಲನಾ ಪರವಾನಗಿಯನ್ನು ರೈಲಿನಲ್ಲಿ ಒಪ್ಪುತ್ತಾರೆ. ನಾವೇ ಫೋಟೊ ತೆಗೆದು ಅಪ್‌ಲೋಡ್ ಮಾಡಿದ್ದನ್ನು ಒಪ್ಪುವುದಿಲ್ಲ. ಒಬ್ಬರ ಬಳಿಯಾದರೂ ಮೂಲ ಚೀಟಿ, ಟಿಕೆಟ್‌ನ ಪ್ರಿಂಟ್ ಮತ್ತು ಸ್ವಲ್ಪ ನಗದು ಇರಲಿ.

5. ಹಿರಿಯರ ಜೇಬಿಗೆ ಚೀಟಿ: ಧರ್ಮಶಾಲೆಯ ಹೆಸರು, ಕೊಠಡಿ ಸಂಖ್ಯೆ, ಇಬ್ಬರ ಫೋನ್ ನಂಬರ್ ಬರೆದ ಚೀಟಿಯನ್ನು ಹಿರಿಯರು, ಮಕ್ಕಳ ಬಳಿ ಇಡಬೇಕು. ಶಿಖರ್ಜಿ ಕಡೆ ಹಿಂದಿ ಬಳಕೆಯಲ್ಲಿರುವುದರಿಂದ ಹಿಂದಿಯಲ್ಲೂ ಬರೆಸಿಕೊಂಡರೆ ಒಳ್ಳೆಯದು.

ಪ್ರಯಾಣದಲ್ಲಿ

ಕೆಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗಳಿಗೆ ವಿದ್ಯುತ್ ಇರುವುದಿಲ್ಲ. ಸಂಜೆಯೇ ಚಾರ್ಜ್ ಮಾಡಿಕೊಳ್ಳಬೇಕು. ಚಾರ್ಜಿಗೆ ಹಾಕಿ ಮಲಗಿದರೆ ಮೊಬೈಲ್ ಕಳವಾಗುವ ಅಪಾಯವಿದೆ. ನಿಲ್ದಾಣದ ಸಾರ್ವಜನಿಕ ಯುಎಸ್‌ಬಿ ಕೇಂದ್ರಗಳಿಗಿಂತ ಸ್ವಂತ ಚಾರ್ಜರ್ ಬಳಸುವುದು ಸುರಕ್ಷಿತ.

ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗೆ ಅನುಮತಿಯಿದೆ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್ ಅವರ್ ಆಗುತ್ತದೆ.

ಊರು ಬಿಟ್ಟಿರುವ ಸುದ್ದಿ, ಫೋಟೊಗಳನ್ನು ಮನೆಗೆ ಮರಳಿದ ಮೇಲೆ ಸ್ಟೇಟಸ್‌ಗೆ ಹಾಕಿದರೂ ನಡೆಯುತ್ತದೆ. ಮನೆಗೆ ಬೀಗ ಹಾಕಿದೆ ಎಂದು ಎಲ್ಲರಿಗೂ ತಿಳಿಸುವ ಅಗತ್ಯವಿಲ್ಲ.

ಬೆಟ್ಟದ ಮೇಲೆ, ಬಸದಿಯಲ್ಲಿ

ಇಪ್ಪತ್ತು ತೀರ್ಥಂಕರರ ಮೋಕ್ಷಸ್ಥಾನವಾದ ಶಿಖರ್ಜಿಯಲ್ಲಿ ಮಧುಬನದಿಂದ ಹತ್ತಿ, ಎಲ್ಲ ಟೋಂಕ್‌ಗಳ ವಂದನೆ ಮುಗಿಸಿ ಇಳಿಯಲು ಸುಮಾರು 27 ಕಿಲೋಮೀಟರ್ ನಡೆಯಬೇಕು. ಹೆಚ್ಚಿನವರು ನಸುಕಿಗೂ ಮುನ್ನವೇ ಕತ್ತಲಲ್ಲಿ ಹೊರಡುತ್ತಾರೆ. ಮೊಬೈಲ್‌ನ ಟಾರ್ಚನ್ನೇ ನಂಬಿದರೆ ಇಳಿಯುವಾಗ ಬ್ಯಾಟರಿ ಖಾಲಿಯಾಗಿರುತ್ತದೆ. ಪ್ರತ್ಯೇಕ ಟಾರ್ಚ್ ಒಯ್ಯಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಮೊಬೈಲ್ ಒಳಜೇಬಿನಲ್ಲಿರಲಿ. ನೆಟ್‌ವರ್ಕ್ ಸಿಗದ ಕಡೆ ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಚಾರ್ಜ್ ಉಳಿಯುತ್ತದೆ. ಕುಟುಂಬದವರು ಬೇರೆಯಾದರೆ ಎಲ್ಲಿ ಸೇರಬೇಕೆಂದು ಕೆಳಗೇ ಮಾತಾಡಿಕೊಂಡಿರಬೇಕು.

ಚರ್ಮದ ಮೊಬೈಲ್ ಕವರ್ ಮನೆಯಲ್ಲೇ ಬಿಟ್ಟು ಬಟ್ಟೆಯ ಚೀಲ ಬಳಸಿದರೆ ಬಸದಿಯ ಬಾಗಿಲಲ್ಲಿ ಮುಜುಗರವಿಲ್ಲ. ಒಳಗೆ ಹೋಗುವಾಗ ಮೊಬೈಲನ್ನು ಚಪ್ಪಲಿಯ ಬಳಿ ಇಡದೆ, ಸ್ವಿಚ್ ಆಫ್ ಮಾಡಿ ಕೌಂಟರ್‌ಗೆ ಕೊಟ್ಟು ಟೋಕನ್ ಪಡೆಯಬೇಕು. ಇಲ್ಲವೇ ಕುಟುಂಬದ ಒಬ್ಬರು ಹೊರಗೆ ಕೂತು ಸರದಿಯಂತೆ ದರ್ಶನ ಮಾಡಬಹುದು.

ಮಳೆಯಲ್ಲಿ ನೆನೆದ ಮೊಬೈಲನ್ನು ತಕ್ಷಣ ಆಫ್ ಮಾಡಿ ಒಣಗಿಸಬೇಕು. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬಾರದು, ಅಕ್ಕಿಯಲ್ಲಿ ಹೂಳಬಾರದು.

ಕಳೆದುಹೋದರೆ ಈ ಕ್ರಮದಲ್ಲಿ

• ಮೊದಲು ಬೇರೆ ಮೊಬೈಲ್‌ನಿಂದ ಕಳೆದ ಮೊಬೈಲನ್ನು ಲಾಕ್ ಮಾಡಬೇಕು.
• ಸಿಮ್ ಕಂಪನಿಗೆ ಕರೆಮಾಡಿ ಸಿಮ್ ನಿಲ್ಲಿಸಬೇಕು. ಬ್ಯಾಂಕಿಗೆ ತಿಳಿಸಿ ಯುಪಿಐ, ನೆಟ್ ಬ್ಯಾಂಕಿಂಗ್ ತಡೆಯಬೇಕು.
• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.
• ರೈಲಿನಲ್ಲಾದರೆ 139ಕ್ಕೆ ತಿಳಿಸಿ, ರೈಲ್ವೆ ಪೊಲೀಸರಿಗೆ ದೂರು ಕೊಡಬೇಕು. ಬೇರೆಡೆಯಾದರೆ ಹತ್ತಿರದ ಠಾಣೆಗೆ ದೂರು ಕೊಟ್ಟು ಪ್ರತಿ ಪಡೆಯಬೇಕು.
• ಅದೇ ನಂಬರಿನ ಹೊಸ ಸಿಮ್ ಪಡೆದ ಮೇಲೆ, ಸಂಚಾರ್ ಸಾಥಿಯ ಸಿಇಐಆರ್ ವಿಭಾಗದಲ್ಲಿ ಐಎಂಇಐ ಮತ್ತು ದೂರಿನ ಪ್ರತಿ ನೀಡಿ ಮೊಬೈಲ್ ಬ್ಲಾಕ್ ಮಾಡಿಸಬೇಕು. ಆಮೇಲೆ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಅದು ಕೆಲಸ ಮಾಡುವುದಿಲ್ಲ. ಸಿಕ್ಕಿದರೆ ಅನ್‌ಬ್ಲಾಕ್ ಮಾಡಿಸಬಹುದು.

ಬ್ಯಾಂಕ್ ಮತ್ತು ಸಿಮ್ ಕಂಪನಿಯ ಸಹಾಯವಾಣಿ ನಂಬರ್‌ಗಳು ಕಳೆದ ಮೊಬೈಲ್‌ನಲ್ಲೇ ಇದ್ದರೆ ಪ್ರಯೋಜನವಿಲ್ಲ. ಅವನ್ನು ಐಎಂಇಐ ಸಂಖ್ಯೆಯೊಂದಿಗೆ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಜೊತೆಯಲ್ಲಿ ಒಯ್ದು, ಇನ್ನೊಂದನ್ನು ಊರಿನಲ್ಲಿರುವ ನೆಂಟರಿಗೆ ಕೊಟ್ಟು ಹೊರಡಬೇಕು.