ಮೂಲೆ ಕೂಡಿಸುವ ವಿದ್ಯೆ: ಗುಜರಾತಿನ ಬಡಗಿಗಳು ಮತ್ತು ನಾವು

ನಿಮ್ಮ ಮನೆಯ ಗೋಡೆಯಲ್ಲಿ ಆಯತುಲ್ ಕುರ್ಸಿಯ ಒಂದು ಫ್ರೇಮ್ ಇರಬಹುದು. ಅದರ ಮೂಲೆಯನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಅಲ್ಲಿ ಎರಡು ಮರದ ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿರುತ್ತಾರೆ. ಈ ಓರೆ ಕತ್ತರಿಗೆ ಬಡಗಿಗಳು ಮೈಟರ್ ಎನ್ನುತ್ತಾರೆ. ಕೂಡಿದ ಗೆರೆ ಕೂದಲೆಳೆಯಷ್ಟು ಸಣ್ಣದಾಗಿದ್ದರೆ ನಾವು ಗಮನಿಸುವುದೇ ಇಲ್ಲ. ಬಾಯಿ ಬಿಟ್ಟಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಬಡಗಿಯ ಪಾಡೇ ಅದು. ಕೆಲಸ ಸರಿಯಿದ್ದರೆ ಹೆಸರಿಲ್ಲ, ತಪ್ಪಿದರೆ ಬೈಗುಳ.

ಇತಿಹಾಸದಲ್ಲೂ ಅವನ ಪಾಡು ಬೇರೆಯಲ್ಲ. ಗುಜರಾತಿನ ಇತಿಹಾಸ ಎಂದಾಗ 1411ರಲ್ಲಿ ಅಹಮದಾಬಾದ್ ಕಟ್ಟಿದ ಸುಲ್ತಾನ್ ಅಹ್ಮದ್ ಶಾಹ್ ನೆನಪಾಗುತ್ತಾನೆ, ಮಸೀದಿಗಳು, ರೋಜಾಗಳು ನೆನಪಾಗುತ್ತವೆ. ಕೈವಾರ ಹಿಡಿದು ಕೋನ ಹುಡುಕಿದವನ ನೆನಪು ಯಾರಿಗಿದೆ? ಅವನ ವಿದ್ಯೆ ಎಂಥದು ಎಂದು ತಿಳಿಯಬೇಕಾದರೆ ಮೊದಲು ಒಂದು ಮೂಲೆಯನ್ನು ನೀವೇ ಕೂಡಿಸಿ ನೋಡಬೇಕು.

ಎರಡು ರಟ್ಟಿನ ಪಟ್ಟಿ ತೆಗೆದುಕೊಳ್ಳಿ. ನಿಮಗೆ ಬೇಕಾದ ಮೂಲೆಯ ಆಕಾರದಲ್ಲಿ ಒಂದರ ತುದಿಯ ಮೇಲೆ ಇನ್ನೊಂದರ ತುದಿ ಹತ್ತಿಸಿ ಇಡಿ. ಪಟ್ಟಿಗಳ ಅಂಚು ಒಂದನ್ನೊಂದು ದಾಟುವ ಎರಡು ಜಾಗ ಗುರುತಿಸಿ: ಒಂದು ಮೂಲೆಯ ಒಳಗಡೆ, ಇನ್ನೊಂದು ಹೊರಗಡೆ. ಎರಡೂ ಪಟ್ಟಿಯ ಮೇಲೆ ಆ ಎರಡು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ. ಅಷ್ಟೇ, ಕತ್ತರಿಸಬೇಕಾದ ಗೆರೆ ಅದೇ. ಡಿಗ್ರಿ ಗೊತ್ತಿರಬೇಕಿಲ್ಲ, ಕೋನಮಾಪಕ ಬೇಕಿಲ್ಲ. ಮೂಲೆ ನೇರವಿದ್ದರೂ ಸೊಟ್ಟಗಿದ್ದರೂ ನಡೆಯುತ್ತದೆ. ಒಂದು ಪಟ್ಟಿ ಅಗಲ, ಇನ್ನೊಂದು ಸಪೂರ ಆಗಿದ್ದರೂ ನಡೆಯುತ್ತದೆ.

ಮೂಲೆಮಟ್ಟವೇ ಸರಿಯಿದೆಯೋ ಇಲ್ಲವೋ ಎಂಬ ಅನುಮಾನವೇ? ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಒಂದು ಗೆರೆ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ ಅದೇ ಚುಕ್ಕೆಯಿಂದ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಸರಿ. ಬೇರೆಯಾದರೆ, ನಡುವೆ ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ಅಂದರೆ ಉಪಕರಣವೇ ತನ್ನ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಇಷ್ಟೊಂದು ಜಾಗ್ರತೆ ಏಕೆ ಅಂದರೆ, ನಾಲ್ಕು ಮೂಲೆಯ ಚೌಕಟ್ಟಿನಲ್ಲಿ 8 ಕತ್ತರಿಗಳಿವೆ. ಪ್ರತಿಯೊಂದರಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆ 4 ಡಿಗ್ರಿ ಬಾಯಿ ಬಿಡುತ್ತದೆ. ಎಂಟು ಮೂಲೆಯ ಚೌಕಟ್ಟಾದರೆ 16 ಕತ್ತರಿ, 8 ಡಿಗ್ರಿ. ಸಣ್ಣ ತಪ್ಪು ಮಾಯವಾಗುವುದಿಲ್ಲ, ಕೂಡುತ್ತಾ ಹೋಗುತ್ತದೆ.

ಸಾವಿರ ವರ್ಷದ ಹಿಂದೆ ಬಗ್ದಾದಿನಲ್ಲಿ ಇದೇ ಚರ್ಚೆ ನಡೆದಿತ್ತು. ಗಣಿತಜ್ಞ ಅಬುಲ್ ವಫಾ ಅಲ್ ಬೂಝ್ಜಾನಿ 940ರಲ್ಲಿ ಖುರಾಸಾನಿನಲ್ಲಿ ಹುಟ್ಟಿದವರು. ಕುಶಲಕರ್ಮಿಗಳಿಗೆ ಬೇಕಾದ ರೇಖಾಗಣಿತದ ಮೇಲೆ ಅವರು ಒಂದು ಪುಸ್ತಕವನ್ನೇ ಬರೆದರು. ಗಣಿತಜ್ಞರೂ ಕಸುಬುದಾರರೂ ಒಟ್ಟಿಗೆ ಕುಳಿತ ಸಭೆಯ ಪ್ರಸ್ತಾಪ ಅದರಲ್ಲಿದೆ. ಮೂರು ಸಮ ಚೌಕಗಳನ್ನು ಕತ್ತರಿಸಿ ಒಂದೇ ಚೌಕ ಮಾಡುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಕಸುಬುದಾರರ ಕೆಲವು ವಿಧಾನಗಳು ಕಣ್ಣಿಗೆ ಸರಿ ಕಂಡರೂ ಲೆಕ್ಕಕ್ಕೆ ತಪ್ಪು. ಗಣಿತಜ್ಞನಿಗೆ ಲೆಕ್ಕ ಗೊತ್ತು, ಆದರೆ ಗರಗಸ ಹಿಡಿದವನ ಕಷ್ಟ ಗೊತ್ತಿಲ್ಲ. ಅಬುಲ್ ವಫಾ ಇಬ್ಬರ ಕೊರತೆಯನ್ನೂ ಹೇಳಿ, ಇಬ್ಬರಿಗೂ ಒಪ್ಪುವ ದಾರಿ ತೋರಿಸಿದರು. ಕೈಕೆಲಸದವರನ್ನು ಅವರು ಕೀಳಾಗಿ ಕಾಣಲಿಲ್ಲ, ಅವರಿಗಾಗಿ ಲೇಖನಿ ಹಿಡಿದರು ಎಂಬುದನ್ನು ಗಮನಿಸಿ.

ಈಗ ಗುಜರಾತಿಗೆ ಬನ್ನಿ. ಅಹಮದಾಬಾದಿನ ಲಾಲ್ ದರ್ವಾಜಾ ಬಳಿ ಸಿದಿ ಸೈಯದ್ ಮಸೀದಿ ಇದೆ. 1572-73ರಲ್ಲಿ, ಸುಲ್ತಾನರ ಆಳ್ವಿಕೆ ಮುಗಿಯುತ್ತಿದ್ದ ಹೊತ್ತಿನಲ್ಲಿ, ಹಬ್ಶಿ ಮೂಲದ ಸಿದಿ ಸೈಯದ್ ಕಟ್ಟಿಸಿದ್ದು. ನಮ್ಮ ಉತ್ತರ ಕನ್ನಡದ ಸಿದ್ದಿಗಳಂತೆ ಇವರ ಬೇರೂ ಆಫ್ರಿಕಾದ್ದು. ಮರದ ಕೊಂಬೆಗಳು ಹೆಣೆದುಕೊಂಡಂತಿರುವ ಅಲ್ಲಿಯ ಕಲ್ಲಿನ ಜಾಲಿಯ ಚಿತ್ರ ನೀವು ನೋಡಿರುತ್ತೀರಿ. ಆದರೆ ಅದೇ ಮಸೀದಿಯಲ್ಲಿ ಚೌಕ ಚೌಕ ತುಂಡುಗಳ ರೇಖಾಗಣಿತದ ಜಾಲಿಗಳೂ ಇವೆ, ಅವುಗಳ ಕಡೆ ಯಾರ ಕ್ಯಾಮೆರಾವೂ ತಿರುಗುವುದಿಲ್ಲ. ಅಕ್ಬರನ ಕಾಲದ ಆಯಿನೆ ಅಕ್ಬರಿಯಲ್ಲಿ ಗುಜರಾತಿನ ಕುಶಲಕರ್ಮಿಗಳು ಮುತ್ತಿನ ಚಿಪ್ಪು ಕೂರಿಸಿ ಪೆಟ್ಟಿಗೆ ಮಾಡುತ್ತಿದ್ದರೆಂದು ಅಬುಲ್ ಫಝಲ್ ಹೊಗಳಿದ್ದಾರೆ. ಅಂಥ ಅನೇಕ ಪೆಟ್ಟಿಗೆಗಳ ಮುಚ್ಚಳ ನಾಲ್ಕೂ ಕಡೆ ಇಳಿಜಾರು. ಅಲ್ಲಿ ಕತ್ತರಿ ಒಂದು ಓರೆಯಲ್ಲ, ಎರಡು ಓರೆ ಒಟ್ಟಿಗೆ. ಬಡಗಿಯ ನಿಜವಾದ ಪರೀಕ್ಷೆ ಅದು.

ಸೂರತ್‌ನಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾಯಿತು. ಸಾದೇಲಿ ಎಂಬ ಕುಸುರಿ ಇರಾನಿನ ಶಿರಾಜ್‌ನಿಂದ ಸಿಂಧ್ ದಾರಿಯಾಗಿ ಬಂದದ್ದೆಂದು 19ನೇ ಶತಮಾನದ ಬರಹಗಳು ಹೇಳುತ್ತವೆ. ಇಲ್ಲಿ ಅದನ್ನು ಉಳಿಸಿಕೊಂಡವರು ಪಾರ್ಸಿಗಳು. ಅವರಲ್ಲಿ ಪೇಟಿಗರ ಎಂಬ ಮನೆತನವೇ ಇದೆ, ಅರ್ಥ ಪೆಟ್ಟಿಗೆ ಮಾಡುವವರು. ಮರ, ಮೂಳೆ, ಲೋಹಗಳ ಸಣ್ಣ ಕಡ್ಡಿಗಳನ್ನು ತ್ರಿಕೋನವಾಗಿ ಕೆತ್ತಿ, ಕಂತೆ ಕಟ್ಟಿ ಅಂಟಿಸಿ, ಆಮೇಲೆ ಕಂತೆಯನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ಯುತ್ತಾರೆ. ಪ್ರತಿ ಬಿಲ್ಲೆಯಲ್ಲೂ ಅದೇ ನಕ್ಷತ್ರ! ಹಿಂದೆ ಆನೆದಂತವನ್ನೂ ಬಳಸುತ್ತಿದ್ದರು, ಈಗ ಅದು ನಿಷಿದ್ಧ. 60 ಡಿಗ್ರಿಯ ಆರು ಕಡ್ಡಿ ಸೇರಿದರೆ ಒಂದು ಸುತ್ತು ಪೂರ್ತಿ. ಒಂದೊಂದೂ ಒಂದು ಡಿಗ್ರಿ ಕಡಿಮೆಯಾದರೆ 6 ಡಿಗ್ರಿಯ ಸಂದು. ಮಾರುವವನು ಅದನ್ನು ಅರಗಿನಿಂದ ಮುಚ್ಚಬಹುದು, ಮಾಡಿದವನಿಗೆ ಮಾತ್ರ ಗೊತ್ತೇ ಇರುತ್ತದೆ.

ವಡೋದರಾದ ಕತೆ ಬೇರೆ. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ 1890ರಲ್ಲಿ ಅಲ್ಲಿ ಕಲಾಭವನ ಸ್ಥಾಪಿಸಿದರು. ಅದರ ಮೊದಲ ಮುಖ್ಯಸ್ಥರು ಸೂರತ್‌ನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಗಜ್ಜರ್. ಅವರು ಬಡಗಿಗಳ ಸುತಾರ ಸಮುದಾಯದವರು. ಗಜ್ಜರ್ ಎಂಬುದು ಗಜಧರ ಎಂಬುದರಿಂದ ಬಂತು ಎನ್ನುತ್ತಾರೆ: ಗಜಕಡ್ಡಿ ಹಿಡಿದವನು. ವಿಜ್ಞಾನವನ್ನು ಜನರ ಮಾತಾದ ಗುಜರಾತಿಯಲ್ಲೇ ಕಲಿಸಬೇಕೆಂದು ಅವರು ಹಟ ಹಿಡಿದರು. ಅಲ್ಲಿಯವರೆಗೆ ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದನಿಗೆ ದಾಟುತ್ತಿದ್ದ ಕಸುಬಿಗೆ ಅಲ್ಲಿ ತರಗತಿಯ ಬಾಗಿಲು ತೆರೆಯಿತು. ಆ ಕಲಾಭವನವೇ ಇಂದು ಅಲ್ಲಿನ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ.

ಹಬ್ಶಿ, ಪಾರ್ಸಿ, ಸುತಾರ, ಮುಸ್ಲಿಂ. ಕೋನಕ್ಕೆ ಜಾತಿಯಿಲ್ಲ, ಮತವಿಲ್ಲ. ಸರಿ ಕೂಡಿದರೆ ಕೂಡಿತು, ಇಲ್ಲದಿದ್ದರೆ ಇಲ್ಲ. ಗುಜರಾತಿನ ಕತೆಯನ್ನು ಬರೀ ಒಡಕಿನ ಕತೆಯಾಗಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ಕೂಡುವ ಕತೆಯನ್ನೂ ಹೇಳಬೇಕಲ್ಲವೇ?

ಹೇಳುವ ಮೊದಲು ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳೋಣ. ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು "ಬಡಗಿ ಕೆಲಸಕ್ಕೆ ಹಾಕಿದೆವು" ಎಂದು ತಲೆ ತಗ್ಗಿಸಿ ಹೇಳುವವರು ನಾವೇ. ಪ್ರವಾದಿ ಝಕರಿಯಾ (ಅ) ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಹೇಳುತ್ತದೆ. ಅದನ್ನು ವೇದಿಕೆಯಲ್ಲಿ ಹೇಳುತ್ತೇವೆ, ಮನೆಯಲ್ಲಿ ಮರೆಯುತ್ತೇವೆ.

ಮರೆತರೆ ಏನಾಗುತ್ತದೆ ಗೊತ್ತೇ? ಅಲೆಪ್ಪೊದ ಬಡಗಿಗಳು 12ನೇ ಶತಮಾನದಲ್ಲಿ ಮಾಡಿದ, ಸಲಾಹುದ್ದೀನ್ ಅವರು ಮಸ್ಜಿದುಲ್ ಅಕ್ಸಾಕ್ಕೆ ತರಿಸಿದ ಮಿಂಬರ್ 1969ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಪ್ರತಿಯನ್ನು ಮಾಡಿ ನಿಲ್ಲಿಸಿದ್ದು 2007ರಲ್ಲಿ. ಹಳಬರ ಕೋನದ ಲೆಕ್ಕವನ್ನು ಮತ್ತೆ ಕಂಡುಹಿಡಿಯುವುದೇ ದೊಡ್ಡ ಕೆಲಸವಾಗಿತ್ತು.

ಆದ್ದರಿಂದ ಓದಿ ಸುಮ್ಮನಾಗಬೇಡಿ. ಎರಡು ರಟ್ಟಿನ ಪಟ್ಟಿ, ಒಂದು ಪೆನ್ಸಿಲ್ ಹಿಡಿದು ಮಕ್ಕಳ ಜೊತೆ ಕೂತು ಒಂದು ಮೂಲೆ ಕೂಡಿಸಿ ನೋಡಿ. ಆಮೇಲೆ ನಿಮ್ಮ ಊರಿನ ಬಡಗಿಯ ಅಂಗಡಿಗೆ ಹೋಗಿ, "ಇದು ಸರಿಯಾ ಉಸ್ತಾದ್?" ಎಂದು ಕೇಳಿ.