ಮೈಲನ್ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ (೧೯೫೩–೫೪)

ಮೈಲನ್ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡವು ಅಮೇರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದ ಒಂದು ಶಾಲಾ ತಂಡ. ಕೇವಲ ೧೬೧ ವಿದ್ಯಾರ್ಥಿಗಳಿದ್ದ ಈ ಶಾಲೆಯು ೧೯೫೪ರಲ್ಲಿ ರಾಜ್ಯ ಪ್ರಶಸ್ತಿಯನ್ನು ಗೆದ್ದು ಪ್ರಸಿದ್ಧವಾಯಿತು.

ಹಿನ್ನೆಲೆ

ಆ ಕಾಲದಲ್ಲಿ ಇಂಡಿಯಾನಾದ ಎಲ್ಲ ಪ್ರೌಢಶಾಲೆಗಳಿಗೂ ಒಂದೇ ಪಂದ್ಯಾವಳಿಯಿತ್ತು. ಹಳ್ಳಿಯ ಶಾಲೆಯೂ ನಗರದ ದೊಡ್ಡ ಶಾಲೆಯೂ ಒಂದೇ ಪ್ರಶಸ್ತಿಗಾಗಿ ಸೆಣಸಬೇಕಿತ್ತು. ತರುಣ ತರಬೇತುದಾರ ಮಾರ್ವಿನ್ ವುಡ್ ಅವರ ಮಾರ್ಗದರ್ಶನದಲ್ಲಿ ಮೈಲನ್ ತಂಡವು ೧೯೫೩ರಲ್ಲಿ ರಾಜ್ಯಮಟ್ಟದ ಸೆಮಿಫೈನಲ್ ತಲುಪಿ ಸೋತಿತ್ತು. ಮರುವರ್ಷ, ಮುಂದೆ ವಿಶ್ವವಿಖ್ಯಾತರಾದ ಆಸ್ಕರ್ ರಾಬರ್ಟ್‌ಸನ್ ಅವರಿದ್ದ ಕ್ರಿಸ್ಪಸ್ ಅಟಕ್ಸ್ ಶಾಲಾ ತಂಡವನ್ನೂ ಸೋಲಿಸಿ ಮುನ್ನಡೆಯಿತು.

ಅಂತಿಮ ಪಂದ್ಯ

೧೯೫೪ರ ಮಾರ್ಚ್ ೨೦ರಂದು ಇಂಡಿಯಾನಾಪೊಲಿಸ್‌ನ ಬಟ್ಲರ್ ಫೀಲ್ಡ್‌ಹೌಸ್‌ನಲ್ಲಿ ಮೈಲನ್ ತಂಡವು ಅದುವರೆಗೆ ನಾಲ್ಕು ಬಾರಿ ಪ್ರಶಸ್ತಿ ಪಡೆದಿದ್ದ ಮನ್ಸಿ ಸೆಂಟ್ರಲ್ ಶಾಲೆಯನ್ನು ಎದುರಿಸಿತು. ಚೆಂಡನ್ನು ನಿಗದಿತ ಸಮಯದೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮ ಆಗ ಇರಲಿಲ್ಲ. ಕೊನೆಯ ಅವಧಿಯಲ್ಲಿ ಎರಡು ಅಂಕ ಹಿಂದಿದ್ದಾಗಲೂ ಮೈಲನ್‌ನ ಬಾಬಿ ಪ್ಲಂಪ್ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ಹಿಡಿದು ನಿಂತರು. ಅನಂತರ ಪಂದ್ಯವು ೩೦–೩೦ರಲ್ಲಿ ಸಮವಾಯಿತು. ಅಂತಿಮ ಕ್ಷಣಗಳಲ್ಲಿ ಪ್ಲಂಪ್ ಎಸೆದ ಚೆಂಡು ಬುಟ್ಟಿ ಸೇರಿ, ಮೈಲನ್ ೩೨–೩೦ರಿಂದ ಗೆದ್ದಿತು.

ಪರಿಣಾಮ

ಈ ಗೆಲುವಿನ ಪ್ರೇರಣೆಯಿಂದ ೧೯೮೬ರಲ್ಲಿ 'ಹೂಸಿಯರ್ಸ್' ಚಲನಚಿತ್ರವು ತಯಾರಾಯಿತು. ಅದರಲ್ಲಿನ ಶಾಲೆ ಮತ್ತು ಪಾತ್ರಗಳು ಕಾಲ್ಪನಿಕ. ೧೯೯೭–೯೮ರಿಂದ ಇಂಡಿಯಾನಾದಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ ಶಾಲೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. ಇದರಿಂದ ಚಿಕ್ಕ ಶಾಲೆಗಳಿಗೂ ಪ್ರಶಸ್ತಿ ದೊರೆಯುವಂತಾಯಿತು. ಆದರೆ ಮೈಲನ್‌ನಂತಹ ಶಾಲೆಯು ಇಡೀ ರಾಜ್ಯದ ಏಕೈಕ ಚಾಂಪಿಯನ್ ಆಗುವ ಅವಕಾಶವು ಇಲ್ಲವಾಯಿತು.